ಸುಳ್ಳು ದುಡ್ಡಿನ ಷೇರಾಟ: ಗೆಳೆಯರ ನಡುವೆ ಸ್ಪರ್ಧೆ ನಡೆಸುವುದು ಹೇಗೆ, ಅದರಲ್ಲಿ ನಮ್ಮ ಚಾಳಿ ಹಿಡಿಯುವುದು ಹೇಗೆ

"ಕೈಯಿಂದ ದುಡ್ಡು ಹಾಕದೆ ಷೇರು ವ್ಯವಹಾರ ಕಲಿಯೋದು ಹೇಗೆ?" ಈ ಪ್ರಶ್ನೆ ಒಂದಲ್ಲ ಒಂದು ರೂಪದಲ್ಲಿ ಬರುತ್ತಲೇ ಇರುತ್ತದೆ. ಅದರ ಬೆನ್ನಿಗೇ ಇನ್ನೊಂದು: "ನಾವು ಹತ್ತು ಜನ ಗೆಳೆಯರು ಸೇರಿ ವರ್ಚುವಲ್ ಸ್ಪರ್ಧೆ ಇಟ್ಟುಕೊಳ್ಳಬೇಕು ಅಂತಿದ್ದೇವೆ, ನಿಯಮ ಏನು ಹಾಕಬೇಕು?" ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳಿ ಸಾಕಾಗಿದೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಇಂಥ ಸ್ಪರ್ಧೆಯಲ್ಲಿ ಯಾರು ಗೆದ್ದರು ಅನ್ನುವುದರಿಂದ ಕಲಿಯಲು ಸಿಗುವುದು ತೀರಾ ಕಡಿಮೆ. ಆರು ತಿಂಗಳ ಆಟದಲ್ಲಿ ಅದೃಷ್ಟದ ಪಾಲೇ ಜಾಸ್ತಿ. ಕಲಿಯಲು ಸಿಗುವುದು ಬೇರೆ ಕಡೆ: ನೀವು ಯಾವಾಗ ಕೊಂಡಿರಿ, ಏನು ನೆಪ ಹೇಳಿಕೊಂಡು ಕೊಂಡಿರಿ, ಯಾವುದನ್ನು ಬೇಗ ಮಾರಿದಿರಿ, ಯಾವುದನ್ನು ಮಾರಲು ಕೈಯೇ ಬರಲಿಲ್ಲ. ಷೇರು ಬದಲಾದರೂ ಈ ಚಾಳಿಗಳು ಬದಲಾಗುವುದಿಲ್ಲ. ಅವು ಕಣ್ಣಿಗೆ ಬೀಳುವ ಹಾಗೆ ಆಟವನ್ನು ಕಟ್ಟುವುದು ಹೇಗೆ ಅಂತ ಹೇಳುವುದೇ ಈ ಲೇಖನದ ಕೆಲಸ. ಸುಮ್ನೆ ಮೋಜಿಗೆ ಆಡುವವರು ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಿಲ್ಲ, ಬೇಕಾದ ಹಾಗೆ ಆಡಿ.

ಏನೇನು ಬೇಕು

ಜನ ಬೇಕು, ಆರರಿಂದ ಹದಿನೈದು. ಅದಕ್ಕಿಂತ ಕಡಿಮೆಯಾದರೆ ಒಬ್ಬರು ಬೇಸತ್ತು ಬಿಟ್ಟರೂ ಆಟ ಸಪ್ಪೆಯಾಗುತ್ತದೆ. ಜಾಸ್ತಿಯಾದರೆ ಲೆಕ್ಕ ಬರೆಯುವವರು ಓಡಿಹೋಗುತ್ತಾರೆ. ಒಂದು ಸ್ಪ್ರೆಡ್‌ಶೀಟ್ ಬೇಕು. ಎಲ್ಲರೂ ಇರುವ ಒಂದು ಮೆಸೇಜ್ ಗುಂಪು ಬೇಕು. ಮತ್ತೆ, ತಿಂಗಳಿಗೆ ಎರಡು ಮೂರು ಗಂಟೆ ಕೂತು ಲೆಕ್ಕ ನೋಡುವ ಒಬ್ಬ ವ್ಯಕ್ತಿ ಬೇಕು. ಈ ಕೊನೆಯದು ಸಿಗದಿದ್ದರೆ ಆಟ ಶುರು ಮಾಡಲೇಬೇಡಿ, ಎರಡನೇ ತಿಂಗಳಿಗೆ ನಿಲ್ಲುತ್ತದೆ.

ಇನ್ವೆಸ್ಟೋಪೀಡಿಯ, ಮಾರ್ಕೆಟ್‌ವಾಚ್‌ನಂಥ ತಾಣಗಳಲ್ಲಿ ಸಿದ್ಧ ಆಟಗಳಿವೆ. ಸಿಮ್ಯುಲೇಟರ್ ಅಂದರೆ ಇದೇ: ನಿಜವಾದ ಬೆಲೆ, ಸುಳ್ಳು ದುಡ್ಡು. ಲೆಕ್ಕದ ತಲೆನೋವು ಇರುವುದಿಲ್ಲ ಅನ್ನುವುದು ಅವುಗಳ ಲಾಭ. ಆದರೆ ನಿಮ್ಮದೇ ಹಾಳೆಯಲ್ಲಿ ಆಡಿದರೆ ನಿಯಮ ನಿಮ್ಮ ಕೈಯಲ್ಲಿರುತ್ತದೆ, ಮುಂದೆ ಹೇಳುವ "ಯಾಕೆ" ಅನ್ನುವ ಕಾಲಂ ಕೂಡ ಜೊತೆಯಲ್ಲೇ ಇರುತ್ತದೆ. ನನ್ನ ಓಟು ಹಾಳೆಗೆ.

ಕೆಲವು ಪದಗಳು ಮುಂದೆ ಬರುತ್ತವೆ, ಈಗಲೇ ಹೇಳಿಬಿಡುತ್ತೇನೆ. ಸೂಚ್ಯಂಕ ಅಂದರೆ ಪೇಟೆಯ ಹಲವು ಷೇರುಗಳನ್ನು ಒಟ್ಟಿಗೆ ಅಳೆಯುವ ಒಂದು ಸಂಖ್ಯೆ. ಪೇಟೆ ಏರಿತು, ಇಳಿಯಿತು ಅಂತ ಸುದ್ದಿಯಲ್ಲಿ ಹೇಳುವುದು ಇದನ್ನೇ. ಮುಕ್ತಾಯದ ಬೆಲೆ ಅಂದರೆ ದಿನದ ವಹಿವಾಟು ಮುಗಿದಾಗ ನಿಗದಿಯಾಗುವ ಬೆಲೆ. ಲಾಭಾಂಶ, ಅಂದರೆ ಡಿವಿಡೆಂಡ್, ಕಂಪನಿ ತನ್ನ ಷೇರುದಾರರಿಗೆ ಹಂಚುವ ಹಣ. ಪೋರ್ಟ್‌ಫೋಲಿಯೊ ಅಂದರೆ ನಿಮ್ಮ ಹತ್ತಿರ ಇರುವ ಷೇರುಗಳ ಒಟ್ಟು ಬುಟ್ಟಿ.

1. ಮೊದಲು ಆಟದ ಬಗೆ ಆರಿಸಿ

ಎರಡು ಬಗೆ ಇವೆ. ಒಂದು, ಆರಿಸಿ ಬಿಡುವ ಆಟ. ಮೊದಲ ದಿನ ಐದು ಷೇರು ಆರಿಸಿ ಕೈ ಕಟ್ಟಿ ಕೂರುವುದು, ಕೊನೆಯ ದಿನ ಲೆಕ್ಕ ನೋಡುವುದು. ಇನ್ನೊಂದು, ನಡುನಡುವೆ ಕೊಂಡು ಮಾರುವ ಆಟ.

ಮೊದಲನೆಯದು ಸುಲಭ, ಮಕ್ಕಳ ಜೊತೆಗೂ ಆಡಬಹುದು. ಆದರೆ ಅಭ್ಯಾಸ ಅಳೆಯಬೇಕು ಅಂದರೆ ಎರಡನೆಯದೇ ಬೇಕು, ಯಾಕೆಂದರೆ ನಮ್ಮ ಚಾಳಿಗಳೆಲ್ಲ ಹೊರಗೆ ಬರುವುದು ಕೊಂಡ ಮೇಲೆಯೇ. ಕಡಿಮೆ ಅಂದರೂ ಆರು ತಿಂಗಳು ಇಟ್ಟುಕೊಳ್ಳಿ. ಒಂದು ತಿಂಗಳ ಆಟ ನಾಣ್ಯ ಚಿಮ್ಮಿದ ಹಾಗೆ.

2. ನಿಯಮಗಳನ್ನು ಶುರುವಿಗೂ ಮುಂಚೆ ಬರೆದಿಡಿ

ಬಾಯಿ ಮಾತಲ್ಲಿ ಬೇಡ. ಜಗಳ ಆಗುವುದು ಖಂಡಿತ, ಅದೂ ಆಟ ಚೆನ್ನಾಗಿ ನಡೆಯುತ್ತಿರುವಾಗಲೇ. ನಾನು ಹಾಕುವ ನಿಯಮಗಳು ಇವು, ನಿಮಗೆ ಬೇಕಾದ ಹಾಗೆ ತಿದ್ದಿಕೊಳ್ಳಿ.

ಎಲ್ಲರಿಗೂ 1,00,000 ಪಾಯಿಂಟ್. ನಡುವೆ ಹೊಸ ಪಾಯಿಂಟ್ ಸೇರಿಸುವ ಹಾಗಿಲ್ಲ. ಒಂದೇ ಷೇರಿಗೆ 30,000ಕ್ಕಿಂತ ಜಾಸ್ತಿ ಹಾಕುವ ಹಾಗಿಲ್ಲ. ಪೂರ್ತಿ ದುಡ್ಡು ಹಾಕಲೇಬೇಕು ಅಂತ ಇಲ್ಲ, ಸುಮ್ಮನೆ ನಗದು ಇಟ್ಟುಕೊಳ್ಳುವುದೂ ಒಂದು ನಿರ್ಧಾರವೇ. ಸಾಲ ತೆಗೆದು ಕೊಳ್ಳುವುದು, ಇಲ್ಲದ ಷೇರನ್ನು ಮೊದಲು ಮಾರಿ ಆಮೇಲೆ ಕೊಳ್ಳುವುದು (ಶಾರ್ಟ್ ಸೆಲ್ಲಿಂಗ್ ಅನ್ನುತ್ತಾರೆ), ಆಪ್ಷನ್ಸ್ (ಮುಂದೊಂದು ದಿನ ಗೊತ್ತಾದ ಬೆಲೆಗೆ ಕೊಳ್ಳುವ ಅಥವಾ ಮಾರುವ ಹಕ್ಕಿನ ವ್ಯವಹಾರ), ಇವೆಲ್ಲ ಮೊದಲ ಸುತ್ತಿನಲ್ಲಿ ಬೇಡ.

ಕೊಳ್ಳಲಿ, ಮಾರಲಿ, ಪ್ರತಿ ಸಲ 0.25% ಶುಲ್ಕ ಕಡಿಯಿರಿ. ಇದನ್ನು ಬಿಡಬೇಡಿ. "ಆಟದಲ್ಲೂ ಯಾಕೆ ಕಡಿತ?" ಅಂತ ಯಾರಾದರೂ ಕೇಳೇ ಕೇಳುತ್ತಾರೆ. ಲೆಕ್ಕ ತೋರಿಸಿ: ಒಬ್ಬ ತನ್ನ ಇಡೀ ಬುಟ್ಟಿಯನ್ನು ಇಪ್ಪತ್ತು ಸಲ ಕೊಂಡು ಮಾರಿದ, ಬೆಲೆಗಳು ಒಂದಿಷ್ಟೂ ಅಲುಗಾಡಲಿಲ್ಲ ಅಂದುಕೊಳ್ಳಿ. ಅವನ 1,00,000 ಕೊನೆಗೆ ಸುಮಾರು 90,500ಕ್ಕೆ ಬಂದು ನಿಲ್ಲುತ್ತದೆ. ಯಾರೂ ಮೋಸ ಮಾಡಿಲ್ಲ, ಯಾವ ಕಂಪನಿಯೂ ಮುಳುಗಿಲ್ಲ. ಶುಲ್ಕವಿಲ್ಲದ ಆಟದಲ್ಲಿ ಈ ನಷ್ಟ ಕಾಣುವುದೇ ಇಲ್ಲ, ಅಲ್ವಾ? ಅಲ್ಲಿ ಪಳಗಿದ ಕೈ ನಿಜವಾದ ಪೇಟೆಗೆ ಹೋದಾಗಲೂ ಹಾಗೇ ಓಡುತ್ತದೆ.

ಬೆಲೆಯ ನಿಯಮ ಇನ್ನೂ ಮುಖ್ಯ. ಆರ್ಡರನ್ನು ರಾತ್ರಿಯೇ ಗುಂಪಿಗೆ ಹಾಕಬೇಕು, ಮರುದಿನದ ಮುಕ್ತಾಯದ ಬೆಲೆಗೆ ಅದು ನಡೆಯಿತು ಅಂತ ಬರೆಯಬೇಕು. ಯಾಕೆ ಇಷ್ಟು ಕಟ್ಟುನಿಟ್ಟು ಅಂದರೆ, ಗೂಗಲ್ ಶೀಟ್ಸ್‌ನ ಗೂಗಲ್‌ಫೈನಾನ್ಸ್ ಫಂಕ್ಷನ್ ತೋರಿಸುವ ಬೆಲೆ 20 ನಿಮಿಷದವರೆಗೆ ಹಳೆಯದಿರಬಹುದು. ಬೇರೆ ಕಡೆ ತಾಜಾ ಬೆಲೆ ನೋಡಿಕೊಂಡು, ಇಲ್ಲಿ ಹಳೆಯ ಬೆಲೆಗೆ ಕೊಳ್ಳುವ ಜಾಣರು ಪ್ರತಿ ಗುಂಪಿನಲ್ಲೂ ಒಬ್ಬರಾದರೂ ಇರುತ್ತಾರೆ. "ನಾನು ಬೆಳಿಗ್ಗೆಯೇ ತಗೋಬೇಕು ಅಂದುಕೊಂಡಿದ್ದೆ" ಅನ್ನುವವರೂ ಇರುತ್ತಾರೆ. ಮೆಸೇಜಿನ ಸಮಯವೇ ಸಾಕ್ಷಿ ಅಂತ ನಿಯಮದಲ್ಲೇ ಬರೆದುಬಿಡಿ.

ಆಯ್ಕೆಗೆ ಒಂದು ಬೇಲಿ ಹಾಕಿ: ಯಾವುದಾದರೂ ಒಂದು ದೊಡ್ಡ ಸೂಚ್ಯಂಕದಲ್ಲಿರುವ ಷೇರುಗಳು ಮಾತ್ರ. ಇಲ್ಲದಿದ್ದರೆ ಅರ್ಧ ಜನ ಪುಡಿಗಾಸಿನ ಷೇರುಗಳ, ಅಂದರೆ ತೀರಾ ಅಗ್ಗದ, ಬೆಲೆ ಹುಚ್ಚಾಪಟ್ಟೆ ಏರಿಳಿಯುವ ಷೇರುಗಳ ಹಿಂದೆ ಬೀಳುತ್ತಾರೆ. ಅವರನ್ನು ಬಯ್ಯಬೇಡಿ, ಅವರ ತರ್ಕ ಸರಿಯಾಗಿಯೇ ಇದೆ. ಮೊದಲ ಸ್ಥಾನಕ್ಕೆ ಮಾತ್ರ ಬಹುಮಾನ ಇದ್ದರೆ ಎರಡನೆಯವರಿಗೂ ಕೊನೆಯವರಿಗೂ ವ್ಯತ್ಯಾಸವೇ ಇಲ್ಲ. ಕಳೆದುಕೊಳ್ಳಲು ಏನೂ ಇಲ್ಲದಾಗ ಲಾಟರಿ ಟಿಕೆಟ್ ಕೊಳ್ಳುವುದೇ ಬುದ್ಧಿವಂತಿಕೆ. ಆದ್ದರಿಂದ ಬಹುಮಾನವನ್ನೂ ಹಂಚಿ: ಸೂಚ್ಯಂಕವನ್ನು ಮೀರಿಸಿದ ಎಲ್ಲರಿಗೂ ಒಂದಿಷ್ಟು ಮೆಚ್ಚುಗೆ, ಚೆನ್ನಾಗಿ ಟಿಪ್ಪಣಿ ಬರೆದವರಿಗೆ ದೊಡ್ಡದು.

ಬಹುಮಾನ ಅಂದಾಗ ನೆನಪಾಯಿತು, ದುಡ್ಡಿನ ಬಹುಮಾನ ಬೇಡ. ಎಲ್ಲರಿಂದ ಎತ್ತಿ ಗೆದ್ದವರಿಗೆ ಕೊಡುವುದು ಕೆಲವು ದೇಶಗಳಲ್ಲಿ ಜೂಜಿನ ಕಾನೂನಿನ ವ್ಯಾಪ್ತಿಗೆ ಬರಬಹುದು. ಅದಕ್ಕಿಂತ ದೊಡ್ಡ ಕಾರಣ, ದುಡ್ಡು ಬಂದ ಕೂಡಲೇ ಜನ ಟಿಪ್ಪಣಿಯಲ್ಲಿ ಸುಳ್ಳು ಬರೆಯಲು ಶುರು ಮಾಡುತ್ತಾರೆ.

3. ಹಾಳೆ ಕಟ್ಟಿ

ಒಬ್ಬೊಬ್ಬರಿಗೆ ಒಂದೊಂದು ಪುಟ. ಒಂದೊಂದು ವ್ಯವಹಾರಕ್ಕೆ ಒಂದೊಂದು ಸಾಲು. ಕಾಲಂಗಳು: ದಿನಾಂಕ, ಷೇರು, ಕೊಂಡದ್ದೋ ಮಾರಿದ್ದೋ, ಎಷ್ಟು, ಬೆಲೆ, ಶುಲ್ಕ, ಉಳಿದ ನಗದು, ಯಾಕೆ. ಇಷ್ಟೇ. ಬಣ್ಣಬಣ್ಣದ ಚಾರ್ಟು ಹಾಕುತ್ತಾ ಕೂತರೆ ಹಾಳೆಯೇ ಆಟವಾಗಿಬಿಡುತ್ತದೆ.

ಇಲ್ಲಿ ಎರಡು ಗುಂಡಿಗಳಿವೆ, ಬಹಳ ಜನ ಬೀಳುತ್ತಾರೆ.

ಮೊದಲನೆಯದು ಷೇರು ವಿಭಜನೆ, ಸ್ಪ್ಲಿಟ್ ಅನ್ನುವುದು. ಒಂದು ಷೇರನ್ನು ಕಂಪನಿ ಹಲವು ತುಂಡು ಮಾಡುತ್ತದೆ, ಬೆಲೆಯೂ ಅಷ್ಟೇ ಪಾಲು ಇಳಿಯುತ್ತದೆ. 2024ರ ಜೂನ್‌ನಲ್ಲಿ ಅಮೆರಿಕದ ಚಿಪ್ ಕಂಪನಿ ಎನ್ವಿಡಿಯ ಒಂದು ಷೇರನ್ನು ಹತ್ತು ಮಾಡಿತು. ಆ ದಿನ ಹಾಳೆಯಲ್ಲಿ ಷೇರಿನ ಸಂಖ್ಯೆ ತಿದ್ದದೆ ಬಿಟ್ಟಿದ್ದರೆ, ಆ ಷೇರು ಇಟ್ಟುಕೊಂಡವರು ಒಂದೇ ರಾತ್ರಿಯಲ್ಲಿ ಸುಮಾರು 90% ಕಳೆದುಕೊಂಡ ಹಾಗೆ ಕಾಣುತ್ತಿತ್ತು. ಯಾರ ಷೇರಾದರೂ ದಿಢೀರ್ ಅಂತ ಅರ್ಧಕ್ಕೋ ಹತ್ತನೇ ಒಂದಕ್ಕೋ ಬಿದ್ದರೆ ಗಾಬರಿಯಾಗುವ ಮುಂಚೆ ಇದನ್ನು ನೋಡಿ.

ಎರಡನೆಯದು ಲಾಭಾಂಶ. ಬೆಲೆಯ ಕಾಲಂ ಅದನ್ನು ತನ್ನಷ್ಟಕ್ಕೆ ಸೇರಿಸುವುದಿಲ್ಲ, ಕೈಯಾರೆ ನಗದಿಗೆ ಸೇರಿಸಬೇಕು. ಅದು ಬೇಡ ಅನ್ನಿಸಿದರೆ ಯಾರಿಗೂ ಸೇರಿಸಬೇಡಿ, ಸೂಚ್ಯಂಕಕ್ಕೂ ಸೇರಿಸಬೇಡಿ. ಒಬ್ಬರಿಗೆ ಸೇರಿಸಿ ಇನ್ನೊಬ್ಬರಿಗೆ ಬಿಟ್ಟರೆ ಹೋಲಿಕೆಯೇ ಕೆಡುತ್ತದೆ.

4. ಮೂರು ಮೂಕ ಆಟಗಾರರನ್ನು ಸೇರಿಸಿ

ನನ್ನ ಪ್ರಕಾರ ಬಹಳ ಜನ ಬಿಡುವ ಹಂತ ಇದೇ. ಇದು ಇಲ್ಲದಿದ್ದರೆ "ನಾನು 12% ಗಳಿಸಿದೆ" ಅನ್ನುವ ಮಾತಿಗೆ ಅರ್ಥವೇ ಇಲ್ಲ. ಪೇಟೆಯೇ 15% ಏರಿದ್ದರೆ?

ಒಂದನೇ ಮೂಕ ಆಟಗಾರ ಸೂಚ್ಯಂಕ. ಮೊದಲ ದಿನ 1,00,000 ಪೂರ್ತಿ ಅದಕ್ಕೆ ಹಾಕಿ ಬಿಟ್ಟುಬಿಡಿ. ಇದನ್ನು ಸೋಲಿಸುವುದು ಸುಲಭ ಅಂದುಕೊಂಡವರಿಗೆ ಅಮೆರಿಕದ ಹೆಸರಾಂತ ಹೂಡಿಕೆದಾರ ವಾರನ್ ಬಫೆಟ್ ಕಟ್ಟಿದ ಬಾಜಿ ನೆನಪಿಸಿ. 2008ರಿಂದ 2017ರವರೆಗೆ ಹತ್ತು ವರ್ಷ, ಒಂದು ಕಡೆ ಸಾಮಾನ್ಯ ಸೂಚ್ಯಂಕ ಫಂಡ್ (ಸೂಚ್ಯಂಕದಲ್ಲಿರುವ ಷೇರುಗಳನ್ನೇ ಕೊಂಡು ಸುಮ್ಮನಿರುವ ನಿಧಿ), ಇನ್ನೊಂದು ಕಡೆ ಹೆಡ್ಜ್ ಫಂಡ್‌ಗಳಲ್ಲಿ (ಶ್ರೀಮಂತರ ದುಡ್ಡನ್ನು ದುಬಾರಿ ಶುಲ್ಕಕ್ಕೆ ಹೂಡಿಕೊಡುವ ನಿಧಿಗಳಲ್ಲಿ) ಹೂಡುವ ಐದು ಫಂಡ್‌ಗಳು. ಸೂಚ್ಯಂಕ ಫಂಡ್ ಒಟ್ಟು 125.8% ಏರಿತು. ಎದುರಿನ ಐದರಲ್ಲಿ ಒಂದೂ ಅದರ ಹತ್ತಿರ ಸುಳಿಯಲಿಲ್ಲ.

ಎರಡನೆಯವನು ಕಣ್ಣು ಮುಚ್ಚಿ ಆರಿಸುವವನು. ಸೂಚ್ಯಂಕದ ಷೇರುಗಳಿಗೆ ನಂಬರ್ ಹಾಕಿ, ಸ್ಪ್ರೆಡ್‌ಶೀಟಿನ ರ್ಯಾಂಡ್‌ಬಿಟ್ವೀನ್ ಫಂಕ್ಷನ್‌ನಿಂದ ಐದು ನಂಬರ್ ಎತ್ತಿ. ಎಚ್ಚರಿಕೆ: ಹಾಳೆಯಲ್ಲಿ ಏನೇ ಬದಲಾದರೂ ಆ ಫಂಕ್ಷನ್ ಮತ್ತೆ ಹೊಸ ನಂಬರ್ ಎತ್ತುತ್ತದೆ. ಬಂದ ಕೂಡಲೇ ಕಾಪಿ ಮಾಡಿ ಬರೀ ಮೌಲ್ಯವಾಗಿ ಪೇಸ್ಟ್ ಮಾಡಿ, ಇಲ್ಲದಿದ್ದರೆ ನಿಮ್ಮ ಮೂಕ ಆಟಗಾರ ದಿನಕ್ಕೊಂದು ಷೇರು ಹಿಡಿದು ಕೂರುತ್ತಾನೆ.

ಈ ಉಪಾಯ ಹಳೆಯದು. ವಾಲ್ ಸ್ಟ್ರೀಟ್ ಜರ್ನಲ್ ಪತ್ರಿಕೆ 1988ರಲ್ಲಿ ಇಂಥದ್ದೇ ಸ್ಪರ್ಧೆ ಶುರು ಮಾಡಿತು: ಒಂದು ಕಡೆ ವೃತ್ತಿಪರರು ಆರಿಸಿದ ಷೇರುಗಳು, ಇನ್ನೊಂದು ಕಡೆ ಷೇರುಪಟ್ಟಿಗೆ ಡಾರ್ಟ್ ಬಾಣ ಎಸೆದು ಆರಿಸಿದವು. 1998ರ ಹೊತ್ತಿಗೆ ನೂರು ಸುತ್ತು ಮುಗಿದಾಗ ವೃತ್ತಿಪರರು ಬಾಣಗಳನ್ನು 61 ಸಲ ಸೋಲಿಸಿದ್ದರು. ಪರವಾಗಿಲ್ಲ ಅನ್ನಿಸುತ್ತದೆ. ಆದರೆ ಅಮೆರಿಕದ ಡೌ ಜೋನ್ಸ್ ಸೂಚ್ಯಂಕವನ್ನು ಸೋಲಿಸಿದ್ದು 51 ಸಲ ಮಾತ್ರ, ಅಂದರೆ ಹೆಚ್ಚು ಕಡಿಮೆ ಅರ್ಧಕ್ಕರ್ಧ. ಅದರಲ್ಲೂ ವೃತ್ತಿಪರರು ಜಾಸ್ತಿ ಏರಿಳಿತದ ಷೇರುಗಳನ್ನು ಆರಿಸುತ್ತಿದ್ದರು, ಪತ್ರಿಕೆಯಲ್ಲಿ ಹೆಸರು ಅಚ್ಚಾದ ಕೂಡಲೇ ಓದುಗರು ಮುಗಿಬಿದ್ದು ಬೆಲೆ ಏರುತ್ತಿತ್ತು ಅನ್ನುವ ತಕರಾರುಗಳೂ ಇದ್ದವು. ಇನ್ನು 2012ರಲ್ಲಿ ಬ್ರಿಟನ್ನಿನ ಅಬ್ಸರ್ವರ್ ಪತ್ರಿಕೆ ನಡೆಸಿದ ಆಟದಲ್ಲಿ ಆರ್ಲ್ಯಾಂಡೊ ಎಂಬ ಬೆಕ್ಕು ನಂಬರ್ ಮನೆಗಳ ಮೇಲೆ ಆಟದ ಇಲಿಯನ್ನು ಎಸೆದು ಷೇರು ಆರಿಸಿತು. ಎಲ್ಲರೂ 5,000 ಪೌಂಡ್‌ನಿಂದ ಶುರು ಮಾಡಿದ್ದರು. ವರ್ಷದ ಕೊನೆಗೆ ಬೆಕ್ಕಿನ ಹತ್ತಿರ ಸುಮಾರು 5,540, ವೃತ್ತಿಪರರ ಹತ್ತಿರ ಸುಮಾರು 5,180. ಬೆಕ್ಕಿಗೆ ಷೇರು ಗೊತ್ತು ಅಂತ ಇದರ ಅರ್ಥವಲ್ಲ. ಒಂದು ವರ್ಷ ಎಷ್ಟು ಚಿಕ್ಕ ಅವಧಿ ಅಂತ ಇದರ ಅರ್ಥ.

ಮೂರನೆಯವನು ನನಗೆ ತುಂಬ ಇಷ್ಟವಾದವನು: ಕೈ ಕಟ್ಟಿಕೊಂಡ ನೀವೇ. ಪ್ರತಿಯೊಬ್ಬರ ಮೊದಲ ದಿನದ ಬುಟ್ಟಿಯ ನಕಲನ್ನು ಪಕ್ಕದ ಪುಟದಲ್ಲಿ ಇಟ್ಟು, ಆರು ತಿಂಗಳು ಯಾರೂ ಮುಟ್ಟಬಾರದು. ಕೊನೆಯಲ್ಲಿ ಇದು ಬಹಳ ಮಾತಾಡುತ್ತದೆ.

5. "ಯಾಕೆ" ಕಾಲಂ ತುಂಬಿಸಿ, ಆಮೇಲೆ ತಿದ್ದಬೇಡಿ

ಪ್ರತಿ ವ್ಯವಹಾರಕ್ಕೆ ಒಂದು ಸಾಲಿನ ಕಾರಣ. ಆರ್ಡರ್ ಜೊತೆಯಲ್ಲೇ ಗುಂಪಿಗೆ ಬರಬೇಕು. ಕಾರಣವಿಲ್ಲದ ಆರ್ಡರನ್ನು ಲೆಕ್ಕ ಬರೆಯುವವರು ವಾಪಸ್ ಕಳಿಸಬೇಕು, ಮುಲಾಜು ಬೇಡ.

ಇದು ಯಾಕೆ ಇಷ್ಟು ಮುಖ್ಯ ಅಂದರೆ, ಷೇರು ಏರಿದ ಮೇಲೆ ನಮ್ಮ ನೆನಪು ತಾನೇ ಹೊಸ ಕತೆ ಹೆಣೆಯುತ್ತದೆ. "ನನಗೆ ಆಗಲೇ ಗೊತ್ತಿತ್ತು" ಅನ್ನುತ್ತೇವೆ. ಇಳಿದರೆ ಇನ್ನೊಂದು ಕತೆ, ಕುಣಿಯಲಾರದವಳು ನೆಲ ಡೊಂಕು ಅಂದ ಹಾಗೆ: ಯುದ್ಧ ಬಂತು, ಬಡ್ಡಿ ಏರಿತು, ಯಾರೋ ದೊಡ್ಡವರು ಮಾರಿದರು. ಅವತ್ತೇ ಬರೆದ ಸಾಲು ಮಾತ್ರ ಈ ಕತೆಗೆ ಬಗ್ಗುವುದಿಲ್ಲ.

ಬರೆಯುವುದು ಹೇಗೆ? ಒಳ್ಳೆಯ ಸಾಲು ಹೀಗಿರುತ್ತದೆ: "ಸಾಲ ಕಡಿಮೆ, ಮೂರು ವರ್ಷದಿಂದ ಲಾಭ ಏರುತ್ತಿದೆ, ಮುಂದಿನ ಫಲಿತಾಂಶದಲ್ಲಿ ಲಾಭ ಇಳಿದರೆ ಮಾರುತ್ತೇನೆ." ಇದರಲ್ಲಿ ಕೊಳ್ಳಲು ಕಾರಣ ಇದೆ, ತಪ್ಪಾಗಿದೆ ಅಂತ ಗೊತ್ತಾಗುವುದು ಹೇಗೆ ಅನ್ನುವುದೂ ಇದೆ. ಕೆಟ್ಟ ಸಾಲು: "ಚೆನ್ನಾಗಿದೆ ಅನ್ನಿಸ್ತು." ಕೆಟ್ಟ ಸಾಲನ್ನೂ ಬರೆಯಿರಿ, ತೊಂದರೆಯಿಲ್ಲ. ಪ್ರಾಮಾಣಿಕವಾಗಿ ಬರೆದ ಕೆಟ್ಟ ಸಾಲು ಆಮೇಲೆ ಕಟ್ಟಿದ ಚಂದದ ಸಾಲಿಗಿಂತ ಎಷ್ಟೋ ಮೇಲು. ನಾನು ಮೊದಲ ಸಲ ಆಡಿದಾಗ ನನ್ನ 14 ಖರೀದಿಗಳಲ್ಲಿ 9ಕ್ಕೆ ಬರೆದಿದ್ದು "ಏರ್ತಾ ಇದೆ" ಅಂತ. ಅಷ್ಟೇ. ಆಟ ಮುಗಿದು ಆ ಕಾಲಂ ಮಾತ್ರ ಮೇಲಿಂದ ಕೆಳಗೆ ಓದಿದಾಗ ನಾಚಿಕೆಯಾಯಿತು, ಯಾಕೆಂದರೆ ಅಲ್ಲಿಯವರೆಗೆ ನಾನು ಕಂಪನಿಯನ್ನು ಓದಿ ಕೊಳ್ಳುವವನು ಅಂತಲೇ ನಂಬಿಕೊಂಡಿದ್ದೆ.

6. ಆಟ ನಡೆಯುವಾಗ: ಅಂಕಪಟ್ಟಿಯನ್ನು ದೂರ ಇಡಿ

ಯಾರು ಮುಂದಿದ್ದಾರೆ ಅಂತ ದಿನಾ ಹಾಕಬೇಡಿ. ತಿಂಗಳಿಗೊಮ್ಮೆ ಸಾಕು. ದಿನಾ ಹಾಕಿದರೆ ಹಿಂದೆ ಬಿದ್ದವರು ಆಟ ಬದಲಿಸುತ್ತಾರೆ.

ವೃತ್ತಿಪರರಿಗೂ ಈ ಕಾಯಿಲೆ ಇದೆ. ಬ್ರೌನ್, ಹಾರ್ಲೊ, ಸ್ಟಾರ್ಕ್ಸ್ ಎಂಬ ಮೂವರು ಸಂಶೋಧಕರು 1976ರಿಂದ 1991ರವರೆಗಿನ 334 ಮ್ಯೂಚುವಲ್ ಫಂಡ್‌ಗಳನ್ನು (ಹಲವರ ದುಡ್ಡು ಒಟ್ಟು ಮಾಡಿ ಹೂಡುವ ನಿಧಿಗಳನ್ನು) ನೋಡಿ 1996ರಲ್ಲಿ ಬರೆದರು: ವರ್ಷದ ಮಧ್ಯದಲ್ಲಿ ಹಿಂದಿರುವ ಫಂಡ್‌ಗಳು ಉಳಿದ ತಿಂಗಳುಗಳಲ್ಲಿ, ಮುಂದಿರುವವುಗಳಿಗಿಂತ ಜಾಸ್ತಿ ಅಪಾಯ ಹೆಚ್ಚಿಸಿಕೊಳ್ಳುತ್ತವೆ. ವರ್ಷದ ಕೊನೆಯ ಪಟ್ಟಿಯಲ್ಲಿ ಮೇಲೆ ಬರಬೇಕಲ್ಲ. ಸಂಬಳಕ್ಕೆ ಕೆಲಸ ಮಾಡುವವರೇ ಹೀಗಾದರೆ ಸುಳ್ಳು ದುಡ್ಡಿನವರ ಕತೆ ಏನು?

ಆದರೂ ಇದನ್ನು ಪೂರ್ತಿ ತಡೆಯಬೇಡಿ ಅಂತಲೇ ನಾನು ಹೇಳುವುದು. ತಿಂಗಳ ಪಟ್ಟಿ ಬಂದ ಮರುವಾರ ಯಾರ ಆರ್ಡರ್‌ಗಳು ಹೇಗೆ ಬದಲಾದವು ಅಂತ ಗುರುತು ಹಾಕಿಕೊಳ್ಳಿ. ಕೊನೆಯ ಸ್ಥಾನದಲ್ಲಿದ್ದೇನೆ ಅಂತ ತಿಳಿದ ರಾತ್ರಿ ನೀವು ಏನು ಕೊಂಡಿರಿ ಅನ್ನುವುದು ನಿಮ್ಮ ಬಗ್ಗೆ ಬಹಳ ಹೇಳುತ್ತದೆ.

ಇನ್ನೊಂದು. ಐದು ಷೇರು ಇದ್ದರೆ ಹರಡಿ ಹೂಡಿದ ಹಾಗೆ ಅಂತ ತಿಳಿಯಬೇಡಿ. ಐದೂ ಚಿಪ್ ಮಾಡುವ ಕಂಪನಿಗಳಾದರೆ ಹೆಸರು ಐದು, ಬೆಟ್ ಒಂದೇ.

7. ಕೊನೆಯ ದಿನ: ಹಾಳೆಯನ್ನು ಓದುವುದು

ಗೆದ್ದವರಿಗೆ ಚಪ್ಪಾಳೆ ತಟ್ಟಿ, ಆಮೇಲೆ ಪಟ್ಟಿಯನ್ನು ಪಕ್ಕಕ್ಕಿಡಿ. ಈಗ ಪ್ರತಿಯೊಬ್ಬರೂ ತಮ್ಮ ತಮ್ಮ ಪುಟ ತೆಗೆದು ಈ ಲೆಕ್ಕಗಳನ್ನು ಮಾಡಬೇಕು. ಒಂದು ಸಂಜೆ ಬೇಕಾಗುತ್ತದೆ.

ಮೊದಲನೆಯದು ತುರಿಕೆಯ ಲೆಕ್ಕ, ಅಂದರೆ ಕೈ ಸುಮ್ಮನಿರದೆ ಕೊಂಡು ಮಾರಿದ್ದರ ಲೆಕ್ಕ. ನಿಮ್ಮ ಕೊನೆಯ ಮೊತ್ತವನ್ನು ಕೈ ಕಟ್ಟಿಕೊಂಡ ನಿಮ್ಮ ಮೊತ್ತದ ಪಕ್ಕ ಇಡಿ. ನಿಮ್ಮದು 1,04,000, ಮುಟ್ಟದೆ ಬಿಟ್ಟದ್ದು 1,09,000 ಅಂತ ಬಂದರೆ, ಆರು ತಿಂಗಳ ನಿಮ್ಮ ಓಡಾಟ, ರಾತ್ರಿಯ ಆರ್ಡರ್, ಸುದ್ದಿ ಓದಿದ್ದು, ಎಲ್ಲ ಸೇರಿ 5,000 ಕಳೆದಿದೆ. ಬ್ರಾಡ್ ಬಾರ್ಬರ್ ಮತ್ತು ಟೆರೆನ್ಸ್ ಒಡೀನ್ ಎಂಬ ಸಂಶೋಧಕರು 2000ನೇ ಇಸವಿಯಲ್ಲಿ ಇದನ್ನೇ ದೊಡ್ಡದಾಗಿ ಲೆಕ್ಕ ಹಾಕಿ ತೋರಿಸಿದರು. ಅಮೆರಿಕದ ಒಂದು ಬ್ರೋಕರ್ ಸಂಸ್ಥೆಯ 66,465 ಮನೆಗಳ ಖಾತೆ, 1991ರಿಂದ 1996. ಆ ಅವಧಿಯಲ್ಲಿ ಪೇಟೆ ವರ್ಷಕ್ಕೆ 17.9% ಕೊಟ್ಟಿತು. ಅತಿ ಹೆಚ್ಚು ಕೊಂಡು ಮಾರಿದ ಮನೆಗಳಿಗೆ ಸಿಕ್ಕಿದ್ದು 11.4%. ಮರುವರ್ಷ ಅವರಿಬ್ಬರೇ ಇನ್ನೊಂದು ತೋರಿಸಿದರು: ಗಂಡಸರು ಹೆಂಗಸರಿಗಿಂತ 45% ಜಾಸ್ತಿ ವಹಿವಾಟು ಮಾಡುತ್ತಿದ್ದರು, ಅದರಿಂದ ಜಾಸ್ತಿ ಕಳೆದುಕೊಳ್ಳುತ್ತಿದ್ದರು. ನಿಮ್ಮ ಗುಂಪಿನಲ್ಲೂ ಎಣಿಸಿ ನೋಡಿ, ಒಳ್ಳೆಯ ಚರ್ಚೆ ಹುಟ್ಟುತ್ತದೆ.

ಎರಡನೆಯದು ಸ್ವಲ್ಪ ಕಷ್ಟ, ಆದರೆ ಇಡೀ ಆಟದ ಸಾರ ಇಲ್ಲಿದೆ. ನಾವು ಗೆದ್ದ ಷೇರನ್ನು ಬೇಗ ಮಾರುತ್ತೇವೆ, ಸೋತದ್ದನ್ನು ಹಿಡಿದುಕೊಂಡು ಕೂರುತ್ತೇವೆ. "ಕೊಂಡ ಬೆಲೆಗೆ ಬರಲಿ, ಆಮೇಲೆ ಮಾರುತ್ತೇನೆ" ಅನ್ನುವ ಮಾತು ಕೇಳಿದ್ದೀರಲ್ಲ? ಅದೇ. ಹರ್ಶ್ ಶೆಫ್ರಿನ್ ಮತ್ತು ಮೇರ್ ಸ್ಟಾಟ್‌ಮನ್ 1985ರಲ್ಲಿ ಇದಕ್ಕೆ ಡಿಸ್ಪೊಸಿಷನ್ ಎಫೆಕ್ಟ್ ಅಂತ ಹೆಸರಿಟ್ಟರು. ನಾವು ಸೋಲು ಒಪ್ಪದ ಚಾಳಿ ಅನ್ನೋಣ.

ಅಳೆಯುವುದು ಹೀಗೆ. ನೀವು ಏನಾದರೂ ಮಾರಿದ ಪ್ರತಿ ದಿನವನ್ನು ತೆಗೆದುಕೊಳ್ಳಿ. ಆ ದಿನ ನಿಮ್ಮ ಬುಟ್ಟಿಯಲ್ಲಿ ಕೊಂಡ ಬೆಲೆಗಿಂತ ಮೇಲಿದ್ದ ಷೇರು ಎಷ್ಟು, ಅದರಲ್ಲಿ ಮಾರಿದ್ದು ಎಷ್ಟು? ಕೆಳಗಿದ್ದದ್ದು ಎಷ್ಟು, ಅದರಲ್ಲಿ ಮಾರಿದ್ದು ಎಷ್ಟು? ಉದಾಹರಣೆಗೆ, ಐದು ಷೇರು ಇತ್ತು, ಮೂರು ಮೇಲೆ, ಎರಡು ಕೆಳಗೆ, ಮೇಲಿದ್ದ ಒಂದನ್ನು ಮಾರಿದಿರಿ. ಹಾಗಾದರೆ ಮೇಲಿದ್ದ ಮೂರಕ್ಕೆ ಒಂದು, ಕೆಳಗಿದ್ದ ಎರಡಕ್ಕೆ ಸೊನ್ನೆ. ಮಾರಿದ ಎಲ್ಲ ದಿನಗಳನ್ನೂ ಹೀಗೆ ಬರೆದು ಕೂಡಿಸಿ. ಒಟ್ಟು ಮೇಲಿದ್ದ 18ರಲ್ಲಿ 6 ಮಾರಿದ್ದರೆ 33%. ಕೆಳಗಿದ್ದ 15ರಲ್ಲಿ 1 ಮಾರಿದ್ದರೆ ಸುಮಾರು 7%. ಎರಡು ಸಂಖ್ಯೆಗಳ ನಡುವಿನ ಈ ಅಂತರವೇ ನಿಮ್ಮ ಚಾಳಿಯ ಅಳತೆ.

ಒಡೀನ್ 1998ರಲ್ಲಿ 10,000 ಖಾತೆಗಳಲ್ಲಿ ಇದೇ ಲೆಕ್ಕ ಮಾಡಿದಾಗ ಬಂದಿದ್ದು 14.8% ಮತ್ತು 9.8%. "ಏರಿದ್ದು ಇಳಿಯಬಹುದು, ಇಳಿದದ್ದು ಏರಬಹುದು, ಅದಕ್ಕೇ ಹಾಗೆ ಮಾಡಿದರು" ಅಂತ ನೀವು ವಾದಿಸಬಹುದು. ಅದನ್ನೂ ಅವರು ನೋಡಿದರು. ಮಾರಿದ ಗೆದ್ದ ಷೇರುಗಳು ಮುಂದಿನ ಒಂದು ವರ್ಷದಲ್ಲಿ, ಇಟ್ಟುಕೊಂಡ ಸೋತ ಷೇರುಗಳಿಗಿಂತ ಸರಾಸರಿ 3.4 ಶೇಕಡಾ ಅಂಶ ಜಾಸ್ತಿ ಏರಿದ್ದವು. ತಪ್ಪಾದದ್ದನ್ನು ಇಟ್ಟುಕೊಂಡು ಸರಿಯಾದದ್ದನ್ನು ಮಾರಿದ್ದರು.

ಮೂರನೆಯದು "ಯಾಕೆ" ಕಾಲಂ. ಕಾರಣಗಳನ್ನು ನಾಲ್ಕು ಗುಂಪು ಮಾಡಿ: ಕಂಪನಿಯ ಲೆಕ್ಕ ನೋಡಿ, ಬೆಲೆಯ ಓಟ ನೋಡಿ, ಸುದ್ದಿ ಕೇಳಿ, ಬೇರೆಯವರನ್ನು ನೋಡಿ. ಯಾವ ಗುಂಪು ದೊಡ್ಡದು? ಮಾರಿದ ಸಾಲುಗಳಲ್ಲಿ, ಕೊಳ್ಳುವಾಗ ನೀವೇ ಬರೆದಿದ್ದ ಕಾರಣ ಮುರಿದಿದ್ದಕ್ಕೆ ಮಾರಿದ್ದು ಎಷ್ಟು, ಬರೀ ಭಯಕ್ಕೋ ಬೇಸರಕ್ಕೋ ಮಾರಿದ್ದು ಎಷ್ಟು? ಪರಸ್ಪರ ಹಾಳೆ ಬದಲಿಸಿಕೊಂಡು ಈ ಕೆಲಸ ಮಾಡಿ. ನಮ್ಮ ಕಾರಣಗಳನ್ನು ನಾವೇ ವಿಂಗಡಿಸಲು ಕೂತರೆ ಎಲ್ಲವೂ "ಕಂಪನಿಯ ಲೆಕ್ಕ ನೋಡಿ" ಗುಂಪಿಗೇ ಹೋಗುತ್ತವೆ.

8. ಆಟದಲ್ಲಿ ಕಾಣದ್ದು ಏನು

ಗೆದ್ದವರು ಈಗ ನಿಜವಾದ ದುಡ್ಡು ಹಾಕಲು ಹೊರಡುತ್ತಾರೆ. ಅವರನ್ನು ಕೂರಿಸಿ ಎರಡು ವಿಷಯ ಹೇಳಿ.

ಒಂದು, ಅದೃಷ್ಟದ ಲೆಕ್ಕ. 30 ಜನ ಕಣ್ಣು ಮುಚ್ಚಿ ಆಡುತ್ತಿದ್ದಾರೆ, ಪ್ರತಿ ತಿಂಗಳು ಸೂಚ್ಯಂಕವನ್ನು ಮೀರಿಸುವ ಸಾಧ್ಯತೆ ಅರ್ಧಕ್ಕರ್ಧ ಅಂದುಕೊಳ್ಳಿ. ಒಬ್ಬ ಸತತ ಐದು ತಿಂಗಳು ಮೀರಿಸುವ ಸಾಧ್ಯತೆ 32ಕ್ಕೆ 1. ಆದರೆ 30 ಜನರಲ್ಲಿ ಯಾರಾದರೂ ಒಬ್ಬರಾದರೂ ಹಾಗೆ ಮೀರಿಸುವ ಸಾಧ್ಯತೆ ಸುಮಾರು 61%. ಆ ಒಬ್ಬರು ಗುಂಪಿನಲ್ಲಿ ಪಂಡಿತರಾಗಿಬಿಡುತ್ತಾರೆ, ಎಲ್ಲರೂ ಅವರ ಹತ್ತಿರ ಟಿಪ್ಸ್ ಕೇಳುತ್ತಾರೆ. ಪಾಪ, ಅವರೂ ಅದನ್ನು ನಂಬಿಬಿಡುತ್ತಾರೆ.

ಎರಡು, ನೋವು. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲಿ ತೋರಿಸಿದ ವಿಷಯ ಈಗ ಎಲ್ಲರಿಗೂ ಗೊತ್ತು: ಅಷ್ಟೇ ಮೊತ್ತವಾದರೂ ಗಳಿಸಿದ ಖುಷಿಗಿಂತ ಕಳೆದುಕೊಂಡ ನೋವು ದೊಡ್ಡದು. ಸುಳ್ಳು ದುಡ್ಡಿನಲ್ಲಿ ಈ ನೋವು ಹೆಚ್ಚು ಕಡಿಮೆ ಇರುವುದೇ ಇಲ್ಲ. ಆಟದಲ್ಲಿ ಷೇರು 40% ಬಿದ್ದಾಗ ನಕ್ಕು ಸುಮ್ಮನಿದ್ದವರು, ತಮ್ಮ ಉಳಿತಾಯ 40% ಬಿದ್ದಾಗಲೂ ಹಾಗೇ ಇರುತ್ತಾರೆ ಅಂತ ಹೇಳಲು ಬರುವುದಿಲ್ಲ. 50% ಬಿದ್ದದ್ದು ಮತ್ತೆ ಮೊದಲಿನ ಜಾಗಕ್ಕೆ ಬರಲು 100% ಏರಬೇಕು ಅನ್ನುವ ಲೆಕ್ಕ ಕೂಡ ಸ್ವಂತ ದುಡ್ಡು ಇದ್ದಾಗಲೇ ಸರಿಯಾಗಿ ಅರ್ಥವಾಗುವುದು. ಗಮನಿಸಿ, ನೋವೇ ಇಲ್ಲದ ಆಟದಲ್ಲೂ ನೀವು ಸೋತ ಷೇರನ್ನು ಮಾರಲು ಹಿಂಜರಿದಿದ್ದರೆ ನಿಜವಾದ ದುಡ್ಡಿನಲ್ಲಿ ಇನ್ನೂ ಜಾಸ್ತಿ ಹಿಂಜರಿಯುತ್ತೀರಿ ಅಂತಲೇ ಇಟ್ಟುಕೊಳ್ಳಿ. ಆಟದಲ್ಲಿ ಕಂಡ ಕೆಟ್ಟ ಚಾಳಿಯನ್ನು ನಂಬಿ. ಆಟದಲ್ಲಿ ಕಂಡ ಧೈರ್ಯವನ್ನು ನಂಬಬೇಡಿ.

ಇಂಥ ಆಟದ ಹೆಸರಿನಲ್ಲಿ ಮೋಸವೂ ನಡೆಯುತ್ತದೆ. ಗುರುತಿಲ್ಲದವರು ಗುಂಪಿಗೆ ಸೇರಿಸಿಕೊಂಡು, ಮೊದಲು ಉಚಿತ ವರ್ಚುವಲ್ ಸ್ಪರ್ಧೆ ಅಂತ ಆಡಿಸಿ, ನೀವು ಗೆದ್ದಿರಿ ಅಂತ ಹೊಗಳಿ, ಆಮೇಲೆ ತಮ್ಮ ಆ್ಯಪ್‌ಗೆ ದುಡ್ಡು ಹಾಕಿ ಅಂದರೆ ಆ ಕ್ಷಣವೇ ಹೊರಗೆ ಬನ್ನಿ. ಸುಳ್ಳು ದುಡ್ಡಿನ ಆಟಕ್ಕೆ ನಿಮ್ಮ ಬ್ಯಾಂಕ್ ವಿವರ ಯಾರಿಗೂ ಬೇಕಾಗಿಲ್ಲ.

9. ಎರಡನೇ ಸುತ್ತು

ಕೂಡಲೇ ಬೇಡ, ಒಂದು ತಿಂಗಳು ಬಿಡುವು ಕೊಡಿ. ನಿಯಮಗಳನ್ನು ಹಾಗೇ ಇಟ್ಟುಕೊಳ್ಳಿ. ಪ್ರತಿಯೊಬ್ಬರೂ ಒಂದೇ ಒಂದು ಚಾಳಿ ಆರಿಸಿ ಅದಕ್ಕೊಂದು ಕಡಿವಾಣ ಹಾಕಿಕೊಳ್ಳಲಿ, ಅದನ್ನು ತಮ್ಮ ಪುಟದ ತಲೆಯ ಮೇಲೆ ಬರೆಯಲಿ. "ತಿಂಗಳಿಗೆ ಎರಡಕ್ಕಿಂತ ಜಾಸ್ತಿ ಆರ್ಡರ್ ಇಲ್ಲ." "ಗೆದ್ದ ಷೇರು ಮಾರುವ ದಿನ ಸೋತವುಗಳ ಕಾರಣವನ್ನೂ ಮತ್ತೆ ಓದುತ್ತೇನೆ." ಇಂಥದ್ದು. ನಾಲ್ಕೈದು ಚಾಳಿಗಳನ್ನು ಒಟ್ಟಿಗೆ ತಿದ್ದಲು ಹೊರಟರೆ ಯಾವುದು ಕೆಲಸ ಮಾಡಿತು ಅಂತ ತಿಳಿಯುವುದಿಲ್ಲ.

ಮೊದಲ ಸುತ್ತಿನ ಹಾಳೆಯನ್ನು ಅಳಿಸಬೇಡಿ, ಯಾರೂ ತಿದ್ದದ ಹಾಗೆ ಬೀಗ ಹಾಕಿಡಿ. ಎರಡನೇ ಸುತ್ತು ಮುಗಿದ ಸಂಜೆ ಆ 33% ಮತ್ತು 7%ರ ಪಕ್ಕ ಬರೆಯಲು ಹೊಸ ಎರಡು ಸಂಖ್ಯೆ ಇರುತ್ತವೆ.